ಹೆಸರು ಹೇಳಬಾರದ ಅಣ್ಣನಿಗೆ

ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಹಾಕುತ್ತಿದ್ದೇನೆ. ಹೋದ ಭಾನುವಾರಕ್ಕೆ ಅವರು ಕುಡಿಯದೆ ಒಂದು ವರ್ಷ ತುಂಬಿತು. ಆಸ್ಪತ್ರೆ, ಸಾಲ, ಕೆಲಸ ಹೋಗಿದ್ದು, ಮತ್ತೆ ಸಿಕ್ಕಿದ್ದು, ಇದೆಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಈಗ ಹೇಳಿ ಆಗಬೇಕಾದ್ದೂ ಏನಿಲ್ಲ. ಇವತ್ತು ಋಣ ಹೇಳಿಕೊಳ್ಳಬೇಕು, ಅಷ್ಟೆ.

ಮಕ್ಕಳಿಗೆ ತಿಂಗಳುಗಟ್ಟಲೆ ಉಣ್ಣಿಸಿ, ಮಲಗಿಸಿ, ಹೋಂವರ್ಕ್ ಮಾಡಿಸಿದ ಎದುರುಮನೆ ಆಂಟಿ, ಒಂದು ಮಾತೂ ಕೇಳದೆ ನನ್ನ ಪೀರಿಯಡ್ಡುಗಳನ್ನು ಹಂಚಿಕೊಂಡ ಶಾಲೆಯ ಟೀಚರುಗಳು, ನನ್ನ ಕಂತು ತಪ್ಪಿದಾಗ ತಾವೇ ಕೂಡಿಸಿ ತುಂಬಿದ ಸಂಘದ ಅಕ್ಕಂದಿರು, ಕೈಬಳೆ ಬಿಚ್ಚಿಕೊಟ್ಟ ನಾದಿನಿ, ರಾತ್ರಿ ಡ್ಯೂಟಿಯ ಡಾಕ್ಟರಮ್ಮ ಮತ್ತು ನರ್ಸ್‌ಗಳು, ನಿಮಗೆಲ್ಲ ಕೈಮುಗಿದು ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಉಳಿದದ್ದೆಲ್ಲ ಒಬ್ಬರಿಗೇ ಸಲ್ಲಬೇಕಾದ್ದು.

ಅವರ ಹೆಸರು ಹೇಳುವಂತಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ, ನಾವು ಬಾಯಲ್ಲಿ ಎ.ಎ. ಅನ್ನುವ ಕೂಟದಲ್ಲಿ ಯಾರು ಯಾರು ಅನ್ನುವುದನ್ನು ಹೊರಗೆ ಸಾರುವ ಪದ್ಧತಿ ಇಲ್ಲ. ಗ್ಯಾಸ್ ಒಲೆ, ಮಿಕ್ಸಿ ರಿಪೇರಿ ಮಾಡುವವರು ಅಂತ ಮಾತ್ರ ಹೇಳಬಹುದು. ಅಂಥವರು ಊರಿಗೆ ಹತ್ತು ಜನ ಇರುತ್ತಾರೆ. ನಾನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ತಂಗ್ಯಮ್ಮ ಅನ್ನುತ್ತಾರೆ.

ಕುಡಿತ ನಿಂತ ಮೇಲೆ ಎರಡನೇ, ಮೂರನೇ ದಿನ ಕಷ್ಟ ಇರುತ್ತೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಕೇಳುವುದು ಬೇರೆ, ನೋಡುವುದು ಬೇರೆ. ಆ ರಾತ್ರಿ ಇವರಿಗೆ ಹಾಸಿಗೆ ತುಂಬ ಇರುವೆ ಕಾಣಿಸತೊಡಗಿದವು. ಹೊದಿಕೆ ಕೊಡವುತ್ತಾರೆ, ಮೈ ಕೆರೆದುಕೊಳ್ಳುತ್ತಾರೆ, ಡ್ರಿಪ್ಪಿನ ಸೂಜಿ ಕೀಳಲು ಹೋಗುತ್ತಾರೆ, ತೀರಿಹೋದ ಅತ್ತೆಯನ್ನು ಕೂಗಿ ಕರೆಯುತ್ತಾರೆ. ನನ್ನನ್ನು ಯಾರೋ ಅಂದುಕೊಂಡು ಬೈದರು. ವಾರ್ಡಿನ ಆಯಾ ಕೈಕಟ್ಟಲು ಬ್ಯಾಂಡೇಜ್ ಬಟ್ಟೆ ತಂದರು. ಅವರದೇನೂ ತಪ್ಪಿಲ್ಲ, ನೋಡಿಕೊಳ್ಳಬೇಕಾದ ಹಾಸಿಗೆಗಳು ಇನ್ನೂ ಎಷ್ಟೋ ಇದ್ದವು.

ಅಣ್ಣ ಬಂದದ್ದು ಆಗ. ಅಂಗಡಿ ಮುಚ್ಚಿ ನೇರ ಬಂದಿದ್ದರು, ಉಗುರಿನ ಸಂದಿಯಲ್ಲಿ ಗ್ರೀಸ್ ಹಾಗೇ ಇತ್ತು. 'ಕಟ್ಟೋದು ಬೇಡಮ್ಮ, ನಾನು ಹಿಡ್ಕೊಂಡಿರ್ತೀನಿ' ಅಂದು ಸ್ಟೂಲು ಎಳೆದುಕೊಂಡು ಕೂತರು. ನಾವೆಲ್ಲ ಅಲ್ಲಿಯವರೆಗೂ 'ಇರುವೆ ಇಲ್ಲ ರೀ, ಏನೂ ಇಲ್ಲ' ಅಂತ ಗಂಟಲು ಹರಿದುಕೊಂಡಿದ್ದೆವು. ಅಣ್ಣ ಇಲ್ಲ ಅನ್ನಲಿಲ್ಲ. 'ನಂಗೂ ಬಂದಿದ್ವು ಕಣಪ್ಪ. ನಂಗೆ ಹಲ್ಲಿ. ಬೆಳಿಗ್ಗೆ ಹೊತ್ತಿಗೆ ಹೋಗ್ತವೆ, ನಾನು ನೋಡ್ತಾ ಇರ್ತೀನಿ, ನೀನು ಮಲ್ಕೊ' ಅಂದರು. ಅದನ್ನೇ, ಅದೇ ದನಿಯಲ್ಲಿ, ರಾತ್ರಿಯಿಡೀ ಎಷ್ಟು ಸಲ ಹೇಳಿದರೋ. ಸೂಜಿ ಇದ್ದ ಕೈಯ ಮಣಿಕಟ್ಟನ್ನು ಒಮ್ಮೆಯೂ ಬಿಡಲಿಲ್ಲ. ನಾನು ಗೋಡೆಗೆ ಒರಗಿ ತೂಕಡಿಸಿದೆ, ಅವರು ತೂಕಡಿಸಲಿಲ್ಲ. ಬೆಳಿಗ್ಗೆ ಕ್ಯಾಂಟೀನಿನ ಹುಡುಗ ಚಾ ತಂದಾಗ ಬಲಗೈ ಮರಗಟ್ಟಿ ಲೋಟ ಹಿಡಿಯಲಾಗದೆ ಎಡಗೈಯಲ್ಲಿ ಕುಡಿದರು.

'ನಿಮಗೂ ನಮಗೂ ಏನು ಸಂಬಂಧ ಅಣ್ಣ, ಇಷ್ಟು ಯಾಕೆ ಮಾಡ್ತೀರಿ?' ಅಂತ ಕೇಳಿದೆ. ಪುಣ್ಯ, ಸೇವೆ, ದೇವರು ಕಳಿಸಿದ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. 'ನಿಮಗೋಸ್ಕರ ಬಂದಿದ್ದಲ್ಲ ತಂಗ್ಯಮ್ಮ. ನಾನು ಕುಡೀಬಾರದಲ್ಲ, ಅದಕ್ಕೆ ಬಂದೆ' ಅಂದರು.

ಅದು ವಿನಯದ ಮಾತು ಅಂತ ಆಗ ಅನಿಸಿತ್ತು. ಆಮೇಲೆ ಆ ಕೂಟದ ಚರಿತ್ರೆ ಓದಿದಾಗ ಅಣ್ಣ ಹೇಳಿದ್ದು ಅಕ್ಷರಶಃ ನಿಜ ಅಂತ ತಿಳಿಯಿತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕೆಂದು ಅಮೆರಿಕದ ಅಕ್ರನ್ ಊರಿಗೆ ಹೋಗಿರುತ್ತಾನೆ. ಕುಡಿತ ನಿಲ್ಲಿಸಿ ಕೆಲವೇ ತಿಂಗಳಾಗಿದೆ. ವ್ಯವಹಾರ ಕೈಕೊಟ್ಟಿದೆ. ಹೋಟೆಲಿನ ಲಾಬಿಯಲ್ಲಿ ಒಬ್ಬನೇ. ಒಂದು ಕಡೆ ಬಾರಿನ ಗದ್ದಲ, ಇನ್ನೊಂದು ಕಡೆ ಟೆಲಿಫೋನು. ಆತ ಫೋನಿನ ಕಡೆ ನಡೆದು, ಚರ್ಚುಗಳ ಪಟ್ಟಿ ನೋಡಿ ಫೋನ್ ಹಚ್ಚಿ ಕೇಳಿದ್ದು, ನಿಮ್ಮೂರಲ್ಲಿ ನನ್ನ ಹಾಗೆ ಕುಡಿತಕ್ಕೆ ಸಿಕ್ಕಿಬಿದ್ದವರು ಯಾರಾದರೂ ಇದ್ದಾರಾ, ಮಾತಾಡಬೇಕಿತ್ತು ಅಂತ. ಮರುದಿನ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಸರ್ಜನ್. ಆ ಡಾಕ್ಟರು ಕೊನೆಯ ಸಲ ಕುಡಿದ ದಿನ, 1935ರ ಜೂನ್ 10, ಅದೇ ಎ.ಎ. ಹುಟ್ಟಿದ ದಿನ ಅನ್ನುತ್ತಾರೆ. ಬಿಲ್ ಹೋದದ್ದು ತನ್ನನ್ನು ಉಳಿಸಿಕೊಳ್ಳಲು, ಉಳಿದದ್ದು ಇಬ್ಬರೂ. ನಮ್ಮಣ್ಣ ಆ ಸ್ಟೂಲಿನ ಮೇಲೆ ಮಾಡುತ್ತಿದ್ದದ್ದೂ ಅದನ್ನೇ. ಉಪಕಾರ ಮಾಡುವವರ ಮುಖದಲ್ಲಿ ಒಂದು ಕಳೆ ಇರುತ್ತದೆ ನೋಡಿ, ಪಡೆದವರನ್ನು ಸಣ್ಣಗೆ ಮಾಡುವ ಕಳೆ. ಅದು ಅಣ್ಣನ ಮುಖದಲ್ಲಿ ಇರಲಿಲ್ಲ.

ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. ಆಮೇಲೆ ನಮ್ಮ ಒಲೆ ಕೆಟ್ಟಾಗ ಕರೆಸಿದರೆ, ಬರ್ನರ್ ಬದಲಿಸಿ ಪೂರ್ತಿ ಬಿಲ್ಲು ತಗೊಂಡರು. ಹತ್ತು ರೂಪಾಯಿಯನ್ನೂ ಬಿಡಲಿಲ್ಲ. ಅವತ್ತು ನನಗಾದ ಸಮಾಧಾನ ಹೇಳಲಾರೆ.

ದೇವರ ವಿಷಯ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಇವರು ದೇವರಿಗೆ ಹೆದರುವವರು. ಸಿಗಂದೂರಿನಲ್ಲಿ ಆಣೆ ಮಾಡಿದರು, ಧರ್ಮಸ್ಥಳದಲ್ಲಿ ಮಾಡಿದರು, ಮಗಳ ತಲೆ ಮೇಲೆ ಕೈಯಿಟ್ಟೂ ಮಾಡಿದರು. ವರ್ಷಾ ವರ್ಷಾ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ಆ 41 ದಿನ ನಮ್ಮ ಮನೆ ನೋಡಬೇಕಿತ್ತು! ನಸುಕಿಗೆ ತಣ್ಣೀರ ಸ್ನಾನ, ಬರಿಗಾಲು, ಒಂದು ಕೆಟ್ಟ ಮಾತಿಲ್ಲ, ಮಕ್ಕಳನ್ನೂ 'ಸ್ವಾಮಿ' ಅನ್ನುವುದು. ಬೆಟ್ಟ ಇಳಿದು ಬಂದು ಮಾಲೆ ತೆಗೆದ ಸಂಜೆ ಮತ್ತೆ ಶುರು. 'ವರ್ಷವಿಡೀ ಮಾಲೆ ಹಾಕಿಸಿಬಿಡೇ' ಅನ್ನುತ್ತಿದ್ದರು ನಮ್ಮತ್ತೆ. ತಮಾಷೆಗಲ್ಲ, ನಿಜವಾಗಿ.

ನೋಡಿದವರು ಇದನ್ನು ಡೋಂಗಿ ಅಂದರು. ನಾನು ಒಪ್ಪುವುದಿಲ್ಲ. ಆ 41 ದಿನದ ಭಕ್ತಿಯಲ್ಲಿ ಕಲಬೆರಕೆ ಇರಲಿಲ್ಲ, ಹತ್ತಿರದಿಂದ ನೋಡಿದವಳು ನಾನು. ಆಸ್ಪತ್ರೆಯಿಂದ ಬಂದ ಮೇಲೆ ಹಿರಿಯರೆಲ್ಲ ಸೇರಿ ಇವರನ್ನು ಮತ್ತೆ ಸಿಗಂದೂರಿಗೆ ಹೊರಡಿಸಿದಾಗ ಅಣ್ಣ ಅಡ್ಡ ನಿಂತರು. 'ದೇವಿ ದರ್ಶನ ಮಾಡಿಸಿ, ಆಣೆ ಬೇಡ' ಅಂದರು. 'ಜನ್ಮದಲ್ಲಿ ಮುಟ್ಟಲ್ಲ ಅಂತಾನೆ. ಮುರೀತದೆ. ಆಗ ಕುಡಿದ ಪಾಪದ ಜೊತೆ ದೇವಿಗೆ ಮೋಸ ಮಾಡಿದ ಪಾಪ ಬೇರೆ. ಎರಡನ್ನೂ ಮರೆಯಾಕೆ ಇನ್ನೊಂದು ಕ್ವಾರ್ಟರ್ ಬೇಕು. ಇವತ್ತು ಮಲಗೋ ತನಕ ಕುಡಿಯಲ್ಲ ಅನ್ಲಿ, ಸಾಕು. ನಲವತ್ತೊಂದು ದಿನ ಇದ್ದೋನು ಒಂದು ದಿನ ಇರಲ್ವಾ?' ನಮ್ಮ ಭಾವನವರಿಗೆ ಸಿಟ್ಟು ಬಂತು. ನನಗೆ ಮಾತ್ರ ಇಷ್ಟು ವರ್ಷ ಮುರಿದ ಆಣೆಗಳೆಲ್ಲ ಇವರ ಬೆನ್ನ ಮೇಲೆ ಹೇಗೆ ಕೂತಿದ್ದವು ಅನ್ನುವುದು ಅವತ್ತು ಕಂಡಿತು.

ಅಣ್ಣ ಗುಡಿಗೆ ಹೋಗುವವರಲ್ಲ. ಎ.ಎ.ಯ ಹನ್ನೆರಡು ಮೆಟ್ಟಿಲುಗಳಲ್ಲಿ, ಅಂದರೆ ಕುಡಿತದಿಂದ ಹೊರಬರಲು ಅವರು ಹಾಕಿಕೊಂಡ ಸೂತ್ರಗಳಲ್ಲಿ, ದೇವರ ಮಾತು ಮತ್ತೆ ಮತ್ತೆ ಬರುತ್ತದೆ, ಆದರೆ 1939ರಲ್ಲಿ ಅವನ್ನು ಅಚ್ಚು ಹಾಕುವ ಮೊದಲೇ ದೇವರನ್ನು ನಂಬದ ಸದಸ್ಯರು ಜಗಳ ತೆಗೆದು, 'ನಾವು ಅರಿತುಕೊಂಡಂತೆ' ಅನ್ನುವುದನ್ನು ದೇವರ ಪಕ್ಕ ಸೇರಿಸಿದರು. ಎಂಥ ಒಳ್ಳೆಯ ಜಗಳ! ಅದರಿಂದಲೇ ಇವತ್ತು ನಮ್ಮ ಭಾನುವಾರದ ಮೀಟಿಂಗಿನಲ್ಲಿ ವಿಭೂತಿ ಹಚ್ಚಿದವರು, ನಮಾಜು ಮುಗಿಸಿ ಬಂದವರು, ನಮ್ಮಣ್ಣನಂಥವರು ಒಂದೇ ಬೆಂಚಿನಲ್ಲಿ ಕೂರಲು ಆಗಿದೆ. 'ನಿಮ್ಮ ದೇವರು ಯಾರಣ್ಣ' ಅಂತ ಕೇಳಿದರೆ 'ಈ ಬೆಂಚೇ' ಅಂದರು.

ಮನೆಯವರೂ ಬರಬಹುದಾದ ಓಪನ್ ಮೀಟಿಂಗಿಗೆ ಹೋದಾಗ ಗಂಡಸರು ಕುಡಿಯದೆ ಅಳುವುದನ್ನು ನೋಡಿದೆ. ನಮ್ಮ ಕಡೆ ಗಂಡಸು ಅಳಬೇಕಾದರೆ ಒಂದೋ ಮುಂದೆ ಹೆಣ ಇರಬೇಕು, ಇಲ್ಲ ಗ್ಲಾಸು ಇರಬೇಕು. ಇವರ ಜೊತೆ ಕುಡಿಯುತ್ತಿದ್ದ ಗೆಳೆಯರೂ ಕೆಟ್ಟವರಲ್ಲ. ಒಬ್ಬರು ಆಸ್ಪತ್ರೆಗೆ ಬಂದು ನನ್ನ ಕೈಗೆ ನೋಟುಗಳ ಮಡಿಕೆ ತುರುಕಿದರು. ಆದರೆ ಹಾಸಿಗೆ ಪಕ್ಕ ಹತ್ತು ನಿಮಿಷ ಕೂರಲು ಅವರಿಂದ ಆಗಲಿಲ್ಲ, ಕಾರಿಡಾರಿನಲ್ಲೇ ಅಡ್ಡಾಡಿ ಹೋದರು. ದುಡ್ಡು ಕೊಡುವುದು, ರಕ್ತ ಕೊಡುವುದು, ಹೊಡೆದಾಟಕ್ಕೆ ಬರುವುದು, ಇವೆಲ್ಲ ನಮ್ಮ ಗಂಡಸರಿಗೆ ಸಲೀಸು. ಸುಮ್ಮನೆ ಪಕ್ಕದಲ್ಲಿ ಕೂರುವುದನ್ನು ಯಾರೂ ಕಲಿಸಿಲ್ಲ. ನಮ್ಮ ಮಾವ ಸಾರಾಯಿ ಪ್ಯಾಕೆಟಿನ ಕಾಲದವರು. 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ನಮ್ಮೂರ ಹೆಂಗಸರು ಸಿಹಿ ಹಂಚಿದರು, ಮಾವ ಬೇರೆ ಅಂಗಡಿ ಹುಡುಕಿಕೊಂಡರು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದ ಹೆಂಗಸರ ಬಗ್ಗೆ ನನಗೆ ಗೌರವವಿದೆ. ಅಂಗಡಿ ಮುಚ್ಚಿದರೂ ಒಳ್ಳೆಯದೇ. ಆದರೆ ಸಂಜೆ ಏಳಕ್ಕೆ ಗಂಡಸಿನ ಎದೆಯಲ್ಲಿ ಏಳುವ ಸಂಕಟಕ್ಕೆ ಇನ್ನೊಬ್ಬ ಗಂಡಸು ಕಿವಿ ಕೊಡಬೇಕು, ಅದನ್ನು ಯಾವ ಸರ್ಕಾರವೂ ಮಾಡಲಾರದು.

ಒಂದು ಕಹಿ ಮಾತು. 'ಹೆಂಡತಿ ಸರಿಯಿದ್ದರೆ ಗಂಡ ಯಾಕೆ ಕುಡೀತಾನೆ' ಅಂದವರು ನಮ್ಮ ಮನೆಯಲ್ಲೇ, ನಾನು ಅನ್ನ ಬಡಿಸುತ್ತಿರುವಾಗಲೇ ಅಂದರು. ಅವರು ಇದನ್ನು ಓದುತ್ತಾರೆ. ಓದಲಿ. ಬಂದರೆ ಇವತ್ತೂ ಕಾಫಿ ಕೊಡುತ್ತೇನೆ, ಕ್ಷಮಿಸಿಲ್ಲ. ಇನ್ನೂ ಇದೆ. ಇವರು ಬರುವುದು ಸ್ವಲ್ಪ ತಡವಾದರೆ ನನ್ನ ಹೊಟ್ಟೆ ತಿರುಚುತ್ತದೆ. ಬಿಚ್ಚಿಟ್ಟ ಶರ್ಟನ್ನು ಒಗೆಯಲು ಹಾಕುವ ಮೊದಲು ಮೂಸುತ್ತೇನೆ. ಅವರಿಗೆ ಗೊತ್ತು. ಏನೂ ಅನ್ನುವುದಿಲ್ಲ, ಬೇಕೆಂದೇ ನನಗೆ ಕಾಣುವ ಹಾಗೆ ಶರ್ಟನ್ನು ಕುರ್ಚಿ ಮೇಲೆ ಹಾಕಿ ಹೋಗುತ್ತಾರೆ. ಈ ಸಾಲು ತೆಗೆಯಲಾ ಅಂತ ಕೇಳಿದೆ, ಇರಲಿ ಬಿಡು ಅಂದರು.

ಬಿಲ್ ವಿಲ್ಸನ್ನರ ಹೆಂಡತಿ ಲೋಯಿಸ್ 1951ರಲ್ಲಿ ಕುಡುಕರ ಮನೆಯವರಿಗಾಗಿಯೇ ಆಲ್-ಅನಾನ್ ಅಂತ ಕೂಟ ಕಟ್ಟಿದರು. ಅಲ್ಲಿ ಹೇಳುವ ಮಾತೊಂದಿದೆ: ಇದನ್ನು ತಂದವಳು ನಾನಲ್ಲ, ಹಿಡಿದಿಡುವುದು ನನ್ನ ಕೈಯಲ್ಲಿಲ್ಲ, ವಾಸಿ ಮಾಡುವುದೂ ನನ್ನಿಂದಾಗದು. ಅಣ್ಣನ ಹೆಂಡತಿ ಇದನ್ನು ನನಗೆ ಹೇಳಿಕೊಟ್ಟರು, ಹುರುಳಿಕಾಯಿ ನಾರು ತೆಗೆಯುತ್ತಾ, ತಲೆ ಎತ್ತದೆ. ಅತ್ತಿಗೆ, ನಿಮಗೂ ಈ ಪತ್ರದಲ್ಲಿ ಪಾಲಿದೆ. ರಾತ್ರಿ ಹೊತ್ತು ಫೋನ್ ಬಂದಾಗ ಗಂಡನನ್ನು ಎಬ್ಬಿಸಿ ಕಳಿಸುವವರು ನೀವೇ ಅಲ್ಲವೇ.

ಅಣ್ಣ ಇದನ್ನು ಓದುವುದಿಲ್ಲ, ಅವರ ಫೋನಿನಲ್ಲಿ ಇಂಥದ್ದೆಲ್ಲ ಇಲ್ಲ. ಭಾನುವಾರ ಓದಿ ಹೇಳುತ್ತೇನೆ, ಒಲೆ ರಿಪೇರಿ ಬಿಲ್ಲಿನ ವಿಷಯ ಬಂದಾಗ ನಗುತ್ತಾರೆ.

ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದರೆ ನನಗೆ ಮೆಸೇಜ್ ಮಾಡಿ. ಇದ್ದಕ್ಕಿದ್ದಂತೆ ನೀವೇ ನಿಲ್ಲಿಸಲು ಹೋಗಬೇಡಿ, ತುಂಬ ಕುಡಿಯುವವರಿಗೆ ಅದು ಪ್ರಾಣಕ್ಕೇ ಬರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಯಾರೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೀಟಿಂಗಿಗೆ ಒಬ್ಬರೇ ಬರಲು ಸಂಕೋಚ ಅನ್ನುವ ಹೆಂಗಸರಿದ್ದರೆ ಹೇಳಿ, ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.