ಬೀಟ್ ಬದಲಾಗಲಿ, ಗಂಟಲು ಬೇಡ

ಸಿಯೋಲ್

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಅಪ್ಪ, ಅವ್ವ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ. ನೀವೆಲ್ಲ ಸೇರಿ ಮಾಡಿದ ಷರೀಫಜ್ಜನ ಪದದ ರೆಕಾರ್ಡಿಂಗ್ ಕೇಳಿದೆ. ಡ್ರಮ್ಸ್, ಬೇಸ್ ಎರಡೂ ಚೆನ್ನಾಗಿವೆ. ಪದಕ್ಕೆ ಬೀಟ್ ಹಾಕಿದ್ದೇ ಅಪ್ಪನಿಗೆ ಹಿಡಿಸಲಿಲ್ಲ ಅಂತ ಬರೆದಿದ್ದೀಯ. ನನಗೆ ಬೀಟ್ ಬಗ್ಗೆ ತಕರಾರಿಲ್ಲ. ಆದರೆ ದನಿಗೆ ಅಷ್ಟು ಆಟೋಟ್ಯೂನ್, ಆ ಶ್ರುತಿ ತಿದ್ದುವ ಸಾಫ್ಟ್‌ವೇರ್, ಯಾಕೋ? ಭಜನೆಯಲ್ಲಿ ದೊಡ್ಡವರ ಜೊತೆ ಕೂತು ಕಲಿತ ಗಂಟಲು ನಿನ್ನದು. ಅದೇ ಕೇಳಿಸಲಿಲ್ಲ.

ಇಲ್ಲಿ ಕೊರಿಯಾದ ಒಂದು ಬ್ಯಾಂಡ್ ಬಗ್ಗೆ ಹೇಳುತ್ತೇನೆ. ಹೆಸರು ಈನಲ್ಚಿ. 19ನೇ ಶತಮಾನದ ಒಬ್ಬ ಪಾನ್ಸೋರಿ ಗಾಯಕನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಪಾನ್ಸೋರಿ ಅಂದರೆ ಹಾಡುತ್ತಾ ಕತೆ ಹೇಳುವ ಕಲೆ. ಕೈಯಲ್ಲಿ ಬೀಸಣಿಗೆ ಹಿಡಿದು ಒಬ್ಬರೇ ಹಾಡಬೇಕು, ಒಬ್ಬರೇ ಎಲ್ಲ ಪಾತ್ರ ಆಗಬೇಕು. ಪಕ್ಕದಲ್ಲಿ ಡೋಲಿನವರೊಬ್ಬರು, ಅಷ್ಟೇ. ಗಂಟೆಗಟ್ಟಲೆ ನಡೆಯುತ್ತದೆ. ಒಳ್ಳೆ ಜಾಗ ಬಂದಾಗ ಕೇಳುವವರು 'ಒಲ್ಸು!' ಅಂತ ಕೂಗುತ್ತಾರೆ, ನಮ್ಮ ಕಡೆ 'ಭಲೇ' ಅಂದ ಹಾಗೆ. ದನಿ ನಯವಾಗಿರುವುದಿಲ್ಲ. ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಗರಗರ ಉಜ್ಜಿಕೊಂಡು ಹೊರಗೆ ಬರುತ್ತದೆ. ಆ ಒರಟು ಬರಲಿ ಅಂತಲೇ ವರ್ಷಗಟ್ಟಲೆ ಸಾಧನೆ ಮಾಡುತ್ತಾರೆ. ಹಿಂದಿನವರು ಜಲಪಾತದ ಹತ್ತಿರ ನಿಂತು, ನೀರಿನ ಸದ್ದು ಮೀರಿಸಿ ಹಾಡುತ್ತಿದ್ದರಂತೆ.

ಈನಲ್ಚಿಯವರು 2020ರಲ್ಲಿ 'ಸುಗುಂಗ್ಗಾ' ಅನ್ನೋ ಹಳೆಯ ಪಾನ್ಸೋರಿಯನ್ನು ಆಲ್ಬಮ್ ಮಾಡಿದರು. ಅದರ ಕತೆ ಇಷ್ಟು: ಕಡಲ ರಾಜನ ಕಾಯಿಲೆಗೆ ಮೊಲದ ಲಿವರ್ ಬೇಕು. ಆಮೆ ಹೋಗಿ ಮೊಲವನ್ನು ಪುಸಲಾಯಿಸಿ ಕರೆತರುತ್ತದೆ. 'ಅಯ್ಯೋ, ಲಿವರ್ ದಡದ ಮೇಲೇ ಬಿಟ್ಟು ಬಂದೆ' ಅಂತ ಹೇಳಿ ಮೊಲ ಪಾರಾಗುತ್ತದೆ. ಅವ್ವ ಹೇಳುತ್ತಿದ್ದ ಮಂಗ, ಮೊಸಳೆ ಕತೆ, ಅಲ್ವಾ? ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ನಮ್ಮ ಜಾತಕ ಕತೆ ಬೌದ್ಧ ಧರ್ಮದ ಜೊತೆ ಇಲ್ಲಿಗೆ ಬಂತು ಅಂತ ತಿಳಿದವರು ಹೇಳುತ್ತಾರೆ. ಅವ್ವನಿಗೆ ಇದನ್ನು ಓದಿ ಹೇಳು, ಖುಷಿಪಡುತ್ತಾಳೆ.

ಆ ಆಲ್ಬಮ್‌ನಲ್ಲಿ ಜಾಸ್ತಿ ಹೆಸರಾದದ್ದು ಹುಲಿಯ ಹಾಡು. ಸಮುದ್ರ ಈಜಿ ಬಂದ ಆಮೆಗೆ ದವಡೆ ಸೆಟೆದಿರುತ್ತದೆ. ಮೊಲವನ್ನು ಕೂಗಲು ಹೋಗಿ, ಮಾತು ತೊದಲಿ ಹುಲಿಯನ್ನು ಕರೆದುಬಿಡುತ್ತದೆ. ಆ ಹುಲಿ ಬೆಟ್ಟ ಇಳಿದು ಬರುವ ಬಣ್ಣನೆಯೇ ಹಾಡು. ಮೂಲದಲ್ಲಿ ಅದು ಹತ್ತು ಮಾತ್ರೆಯ ತಾಳ: ಮೂರು, ಎರಡು, ಮೂರು, ಎರಡು. ಹಿಂದೂಸ್ತಾನಿಯಲ್ಲಿ ಹತ್ತು ಮಾತ್ರೆಯದೇ ಆದ ನಿನ್ನ ಝಪ್‌ತಾಲದ ನೆಂಟ. ಬ್ಯಾಂಡಿನವರು ಅದನ್ನು ಕುಣಿಯಲು ಬರುವ ನಾಲ್ಕರ ನಡೆಗೆ ತಂದರು. ಒಬ್ಬರ ಬದಲು ಹಲವರು ಸೇರಿ ಹಾಡಿದರು. ಡೋಲಿನ ಜಾಗಕ್ಕೆ ಡ್ರಮ್ಸ್ ಬಂತು. ಅದೇ ವರ್ಷ ಇಲ್ಲಿನ ಪ್ರವಾಸೋದ್ಯಮ ಸಂಸ್ಥೆ ಸಿಯೋಲ್ ತೋರಿಸುವ ವಿಡಿಯೋಗೆ ಈ ಹಾಡು ಹಾಕಿತು. ಕೋಟಿಗಟ್ಟಲೆ ಸಲ ನೋಡಿದ್ದಾರೆ ಜನ.

ಇಷ್ಟೆಲ್ಲ ಬದಲಾದರೂ ಹಾಡುವವರು ಪಾನ್ಸೋರಿ ಕಲಿತವರೇ. ಗರಗರ ಹಾಗೇ ಇದೆ. ಇನ್ನೊಂದು ವಿಷಯ ಗಮನಿಸು: ಅವರಲ್ಲಿ ಗಿಟಾರೇ ಇಲ್ಲ. ಎರಡು ಬೇಸ್ ಕೆಳಗಿನ ಸ್ವರಗಳಲ್ಲಿ ಓಡುತ್ತಿರುತ್ತವೆ, ಮೇಲಿನ ಜಾಗವೆಲ್ಲ ದನಿಗೆ. ನಿಮ್ಮ ರೆಕಾರ್ಡಿಂಗಿನಲ್ಲಿ ಆ ಜಾಗವನ್ನು ಕೀಬೋರ್ಡ್ ತುಂಬಿಬಿಟ್ಟಿದೆ.

ಇದೇನು ನಮಗೆ ಹೊಸದಲ್ಲ. ಸಿ. ಅಶ್ವತ್ಥ್ ಅವರು ವಾದ್ಯಗಳನ್ನೆಲ್ಲ ಇಟ್ಟುಕೊಂಡೇ ಷರೀಫಜ್ಜನನ್ನು ಗಂಟಲು ಬಿಚ್ಚಿ ಹಾಡಿದರು. ರಘು ದೀಕ್ಷಿತ್ ಗಿಟಾರ್ ಹಿಡಿದು, ಲುಂಗಿ ಉಟ್ಟು, ಅದೇ ಪದಗಳನ್ನು ಹೊರದೇಶದ ವೇದಿಕೆಗೆ ಒಯ್ದರು. ಇಬ್ಬರ ದನಿಯನ್ನೂ ಒಂದೇ ಸಾಲು ಕೇಳಿದರೆ ಗುರುತು ಹಿಡಿಯಬಹುದು. ಅಪ್ಪನಿಗೆ ಅಶ್ವತ್ಥ್ ಅಂದರೆ ಪ್ರಾಣ. ಅಲ್ಲಿಂದಲೇ ಮಾತು ತೆಗೆದು ನೋಡು.

ಸುಮ್ನೆ ಒಂದು ಸಲ ಆಟೋಟ್ಯೂನ್ ತೆಗೆದು, ಕೀಬೋರ್ಡ್ ತಗ್ಗಿಸಿ ಮಿಕ್ಸ್ ಮಾಡಿ. ಬೀಟ್ ಇರಲಿ. ಮೊದಲು ಅಪ್ಪನಿಗೆ ಕೇಳಿಸು, ಆಮೇಲೆ ಅವರೇನಂದರು ಅನ್ನೋದನ್ನೂ ಸೇರಿಸಿ ನನಗೆ ಕಳಿಸು.

ಇಂತಿ,
ನಿನ್ನ ಅಕ್ಕ