ಅವತ್ತು ನನ್ನ ಮಾತು ಕೇಳದವರಿಗೆ

ಹೋದ ವಾರ ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, "ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಸರಿಯಾಗಿದೆಯಮ್ಮ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು" ಅಂದರು. ಹಾವು ಕಚ್ಚಿ ಅವತ್ತಿಗೆ ಒಂದು ವರ್ಷ, ಆರು ದಿನ. ಶಿಕಾರಿಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಆಗ ಹೊಳೆಯಿತು, ನನ್ನ ಜೀವ ಉಳಿಸಿದವರೆಲ್ಲ ಅವತ್ತು ನನ್ನ ಮಾತು ಕೇಳದೇ ಇದ್ದವರು.

ದೀಪಾವಳಿ ಕಳೆದು ಎಂಟು ದಿನ ಆಗಿತ್ತು. ನಮ್ಮ ಮನೆಯವರು ಮೆಕ್ಕೆಜೋಳದ ಲೋಡ್ ಜೊತೆ ಹೋಗಿದ್ದರು. ಸಂಜೆ ಆರೂಮುಕ್ಕಾಲಿಗೆ ಹುಲ್ಲು ತರಲು ಹಿತ್ತಲ ಬದುವಿಗೆ ಹೋದೆ. ಟಾರ್ಚ್ ಅಡುಗೆಮನೆ ಕಿಟಕಿಯಲ್ಲೇ ಇತ್ತು, ತಗೊಳ್ಳಲಿಲ್ಲ. ದಿನಾ ಓಡಾಡುವ ಹಾದಿ ಅಲ್ವಾ, ಕಣ್ಣು ಮುಚ್ಚಿಕೊಂಡು ಹೋಗಿ ಬರುತ್ತೇನೆ ಅನ್ನೋ ಧೈರ್ಯ. ಕಾಲಲ್ಲಿ ಹವಾಯಿ ಚಪ್ಪಲಿ. ಹುಲ್ಲಿನ ಹೊರೆ ಎತ್ತುವಾಗ ಕುಕ್ಕರ್ ಆವಿ ಬಿಟ್ಟ ಹಾಗೆ ಬುಸ್ ಅಂತ ಸದ್ದು ಬಂತು, ಅದರ ಹಿಂದೆಯೇ ಎಡಗಾಲಿಗೆ ಬೆಂಕಿ ಕೊಳ್ಳಿ ಇಟ್ಟ ಹಾಗಾಯಿತು.

ನನಗೆ ಗೊತ್ತಾಗಿತ್ತು. ಆದರೂ ಕೇರೆ ಹಾವಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಅತ್ತೆಗೆ, "ಮುಳ್ಳು ಚುಚ್ಚಿತು" ಅಂದೆ. ಅವರು ಗಾಬರಿಯಾಗುತ್ತಾರೆ ಅಂತ ಒಂದು ಕಡೆ, ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತೆ ಅಂತ ಇನ್ನೊಂದು ಕಡೆ. ಕಾಲು ಊದುತ್ತಿದ್ದರೂ ಎರಡು ಹಸು ಹಾಲು ಕರೆದೆ. ಅರ್ಧ ಗಂಟೆ ಹೋಯಿತು. ಆ ಅರ್ಧ ಗಂಟೆ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಹಾಲಿನ ಕ್ಯಾನ್ ಎತ್ತಲಾಗದೆ ಕೂತಾಗ ಅತ್ತೆ ಲೈಟಿನ ಬೆಳಕಲ್ಲಿ ಕಾಲು ನೋಡಿದರು. ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರೆತ್ತುವುದಿಲ್ಲ. "ಹುಳ ಮುಟ್ಟಿದೆ ಕಣೇ" ಅಂದರು, ಅಷ್ಟೇ. ನಾನೇ ಹಠ ಮಾಡಿ ಪಕ್ಕದೂರಿನ ನಾಟಿ ಔಷಧಿಯವರ ಹತ್ತಿರ ಕರೆದುಕೊಂಡು ಹೋಗಿ ಅಂದೆ. ನಮ್ಮ ಅಪ್ಪನಿಗೆ ಅಲ್ಲೇ ವಾಸಿಯಾಗಿತ್ತು. ಅವರು ಮೊಣಕಾಲ ಕೆಳಗೆ ಹಗ್ಗ ಬಿಗಿದು, ಬೇರು ಅರೆದು ಕುಡಿಸಿ, ಬೇವಿನೆಲೆ ಅಗಿಯಲು ಕೊಟ್ಟು "ಕಹಿ ಗೊತ್ತಾಗುತ್ತಾ" ಅಂತ ಕೇಳಿದರು. ಗೊತ್ತಾಗುತ್ತೆ ಅಂದೆ. ಹಾಗಾದರೆ ವಿಷ ಏರಿಲ್ಲ ಅಂದರು. ಅಷ್ಟರಲ್ಲಿ ಮತ್ತೆ ಒಂದು ಗಂಟೆ ಹೋಗಿತ್ತು.

ಅವರ ಮೇಲೆ ನನಗೆ ಕೋಪ ಇಲ್ಲ. ಹೋಗಿದ್ದು ನಾನು. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ವಿಷದ ಹಾವು ಕಚ್ಚಿದರೂ ಎಷ್ಟೋ ಸಲ ವಿಷ ಬಿಟ್ಟಿರುವುದಿಲ್ಲ. ಅಂಥವರು ಯಾವ ಸೊಪ್ಪು ತಿಂದರೂ ಉಳಿಯುತ್ತಾರೆ. ಅಪ್ಪ ಉಳಿದದ್ದು ಹಾಗೆಯೇ ಇರಬೇಕು. ನಾವು ಬೇರಿಗೆ ಕೈ ಮುಗಿದುಕೊಂಡು ಬಂದೆವು.

ಮೊದಲ ಕೃತಜ್ಞತೆ ನಮ್ಮ ಪಕ್ಕದ ಮನೆಯ ಹುಡುಗನಿಗೆ. "ಮನೆಗೆ ಬಿಡಪ್ಪ, ಮಲಗಿದರೆ ಸರಿಹೋಗುತ್ತೆ" ಅಂದೆ. ಅವನು ನನ್ನ ವಸಡಲ್ಲಿ ರಕ್ತ ಬರೋದು ನೋಡಿಬಿಟ್ಟಿದ್ದ. "ಚಿಕ್ಕಮ್ಮ, ನೀವು ಬೈದರೂ ಪರವಾಗಿಲ್ಲ" ಅಂತ ಬೈಕಿನ ನಡುವೆ ಕೂರಿಸಿ, ಹಿಂದೆ ನನ್ನ ಮೈದುನನನ್ನು ಹತ್ತಿಸಿಕೊಂಡು ನೇರ ತಾಲ್ಲೂಕು ಆಸ್ಪತ್ರೆಗೆ ಬಿಟ್ಟ. ಕಾಲು ಅಲ್ಲಾಡದ ಹಾಗೆ ಹಿಡಿದುಕೋ ಅಂತ ಮೈದುನನಿಗೆ ದಾರಿಯುದ್ದಕ್ಕೂ ಹೇಳುತ್ತಿದ್ದ. ಮಗನೇ, ಅವತ್ತು ನಿನ್ನನ್ನು ಬೈದೆ. ಮನಸ್ಸಲ್ಲಿ ಇಟ್ಟುಕೊಳ್ಳಬೇಡ.

ಆಸ್ಪತ್ರೆ ಮುಟ್ಟಿದಾಗ ಒಂಬತ್ತು ಗಂಟೆ. ರಾತ್ರಿ ಪಾಳಿಯ ಸಿಸ್ಟರ್ ಒಂದು ಒಣ ಗಾಜಿನ ನಳಿಗೆಗೆ ನನ್ನ ರಕ್ತ ಸ್ವಲ್ಪ ಹಾಕಿ, ಅಲ್ಲಾಡಿಸದೆ ಟೇಬಲ್ ಮೇಲೆ ನಿಲ್ಲಿಸಿದರು. 20 ನಿಮಿಷ ಬಿಟ್ಟು ನಳಿಗೆಯನ್ನು ವಾಲಿಸಿದರು. ಹೆಪ್ಪುಗಟ್ಟಿರಬೇಕಿದ್ದ ರಕ್ತ ನೀರಿನ ಹಾಗೆ ಹರಿಯಿತು. ನನಗೆ ಕಚ್ಚಿದ್ದು ಕೊಳಕುಮಂಡಲ, ಅದರ ವಿಷ ರಕ್ತವನ್ನೇ ಕೆಡಿಸುತ್ತೆ ಅಂತ ಆಮೇಲೆ ತಿಳಿಯಿತು. ಮೈದುನ "ಹಾವು ಹಿಡಿದು ತರಬೇಕಾ" ಅಂತ ಕೇಳಿದ. ಡಾಕ್ಟರು ಬೇಡವೇ ಬೇಡ ಅಂದರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಇಂಜೆಕ್ಷನ್ ಒಂದೇ. ಹಾವು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುತ್ತಾರೆ, ಅಷ್ಟೇ.

ಆಗಲೇ ಕಾಲು ಊದಿ ಕಾಲುಂಗುರ ಬೆರಳೊಳಗೆ ಹೂತುಹೋಗಿತ್ತು. ಸಿಸ್ಟರ್ ಕತ್ತರಿಸಬೇಕು ಅಂದರು. ನಾನು ಕೈ ಅಡ್ಡ ಹಿಡಿದೆ. ಮನೆಯವರು ಊರಲ್ಲಿಲ್ಲ, ಕಾಲುಂಗುರ ತೆಗೆಯಬೇಡಿ, ಅಪಶಕುನ ಅಂತ ಅಳತೊಡಗಿದೆ. ಜೀವ ಹೋಗುವ ಹೊತ್ತಲ್ಲಿ ನಾನು ಹಿಡಿದುಕೊಂಡಿದ್ದು ಅದನ್ನು. ಸಿಸ್ಟರ್ ರೇಗಲಿಲ್ಲ. "ಬೆರಳು ಉಳಿದರೆ ನಾಳೆ ಹೊಸದು ಹಾಕೋಬಹುದು ಅಕ್ಕ" ಅಂತ ಹೇಳುತ್ತಲೇ ಸಣ್ಣ ಕಟರ್ ತಂದು ಕಟ್ ಅನಿಸಿದರು. ಆಮೇಲೆ ಅದನ್ನು ಹತ್ತಿಯಲ್ಲಿ ಸುತ್ತಿ, ಬಿಳಿ ಪ್ಲಾಸ್ಟರ್ ಹಚ್ಚಿ, ನನ್ನ ದಿಂಬಿನಡಿ ಇಟ್ಟರು. ಎಷ್ಟೊಂದು ಕೆಲಸದ ಗಡಿಬಿಡಿಯಲ್ಲಿ ಅದನ್ನು ಜೋಪಾನ ಮಾಡಬೇಕು ಅಂತ ಅವರಿಗೆ ಅನಿಸಿತಲ್ಲ.

ಬಿಗಿದ ಹಗ್ಗವನ್ನು ಅವರು ಒಮ್ಮೆಲೇ ಬಿಚ್ಚಲಿಲ್ಲ. ಡ್ರಿಪ್ ಹಾಕಿ, ಔಷಧಿ ಪಕ್ಕಕ್ಕಿಟ್ಟುಕೊಂಡು, ನಿಧಾನವಾಗಿ ಸಡಿಲಿಸಿದರು. ಹಗ್ಗ ಕಟ್ಟಿದರೆ ವಿಷ ಪೂರ್ತಿ ನಿಲ್ಲುವುದಿಲ್ಲ, ಕಾಲು ಕೊಳೆಯಬಹುದು, ಒಮ್ಮೆಲೇ ಬಿಚ್ಚಿದರೆ ಕೆಳಗೆ ಉಳಿದ ವಿಷ ನುಗ್ಗುತ್ತೆ ಅಂದರು. 10 ಬಾಟಲಿ ವಿಷನಿರೋಧಕ ಡ್ರಿಪ್‌ನಲ್ಲಿ ಹೋಯಿತು. ನಡುವೆ ಮೈಯೆಲ್ಲ ನಡುಗಿ ತುರಿಕೆ ಎದ್ದಾಗ ನಿಲ್ಲಿಸಿ, ಬೇರೆ ಇಂಜೆಕ್ಷನ್ ಕೊಟ್ಟು, ಮತ್ತೆ ಶುರು ಮಾಡಿದರು. ಒಂದು ಪೈಸೆ ಕೇಳಲಿಲ್ಲ.

ಆದರೆ ನಾನು ಕಳೆದ ಎರಡು ಗಂಟೆಗೆ ಬೆಲೆ ತೆರಬೇಕಾಯಿತು. ಮರುದಿನ ಮೂತ್ರ ನಿಂತುಹೋಯಿತು. 108ರಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಐದು ಸಲ ಡಯಾಲಿಸಿಸ್, ಒಟ್ಟು 19 ದಿನ ಹಾಸಿಗೆ.

ಡಯಾಲಿಸಿಸ್ ವಾರ್ಡಿನಲ್ಲಿ ಪಕ್ಕದ ಹಾಸಿಗೆಗೆ ಬರುತ್ತಿದ್ದ ಅಮ್ಮನಿಗೆ ಇಲ್ಲಿ ಕೈ ಮುಗಿಯಬೇಕು. ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಬಂದು ನಾಲ್ಕು ಗಂಟೆ ಮಲಗಿ ಹೋಗುವವರು ಅವರು. ನೀರು ಅಳತೆ ಮಾಡಿ ಕುಡಿಯಬೇಕು ಅಂದಿದ್ದರು ನನಗೆ. ಬಾಯಾರಿಕೆ ತಡೆಯಲಾಗದೆ ಕದ್ದು ಒಂದು ಲೋಟ ಕುಡಿದೆ. ಅವರು ನೋಡಿಬಿಟ್ಟರು. "ಯಾರಿಗೂ ಹೇಳಬೇಡಿ ಅಮ್ಮ" ಅಂತ ಬೇಡಿಕೊಂಡೆ. ಅವರು ಆ ಕ್ಷಣವೇ ಸಿಸ್ಟರನ್ನು ಕರೆದು ಹೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಿನ್ನ ಕಿಡ್ನಿ ವಾಪಸ್ ಬರೋ ಕಿಡ್ನಿ ಕಣಮ್ಮ, ನನ್ನದಲ್ಲ. ಅದನ್ನ ಯಾಕೆ ಕಳ್ಕೋತೀಯ" ಅಂದರು. ನನಗಿಂತ ಎಷ್ಟೋ ಜಾಸ್ತಿ ನೋವು ತಿಂದವರು ನನ್ನ ಕಿಡ್ನಿಗಾಗಿ ಕಣ್ಣಲ್ಲಿ ನೀರು ಹಾಕಿದರು. ಬಿಡುಗಡೆಯಾದ ಮೇಲೆ ಎರಡು ಸಲ ನೋಡಿ ಬಂದೆ. ಮತ್ತೆ ಬರುತ್ತೇನೆ ಅಮ್ಮ.

ಅತ್ತೆಯ ಬಗ್ಗೆ ಎಷ್ಟು ಬರೆದರೂ ಸಾಲದು. ಸರ್ಪದೋಷ, ಶಾಂತಿ ಮಾಡಿಸಿ ಅಂತ ನೆಂಟರು ಸಾಲಾಗಿ ಹೇಳಿದಾಗ, "ಮೊದಲು ಕಾಲು ನೆಲಕ್ಕೆ ಊರಲಿ, ಆಮೇಲೆ ದೇವಸ್ಥಾನ" ಅಂದವರು ಅವರು. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರು 19 ದಿನ ಪಾಳಿ ಹಾಕಿಕೊಂಡು ಹಾಲು ಕರೆದು ಡೇರಿಗೆ ಹಾಕಿದರು. ಅವರಲ್ಲಿ ಒಬ್ಬರ ಹತ್ತಿರ ನಾನು ವರ್ಷದಿಂದ ಮಾತು ಬಿಟ್ಟಿದ್ದೆ, ಬೇಲಿಯ ವಿಷಯಕ್ಕೆ. ಆಸ್ಪತ್ರೆಯಿಂದ ಬಂದ ದಿನ ಹಾಲಿನ ಚೀಟಿಗಳನ್ನು ಒಂದೂ ಬಿಡದೆ ಜೋಡಿಸಿ ಕೈಗೆ ಕೊಟ್ಟವರು ಅವರೇ. ಬೇಲಿ ಹಾಗೇ ಇದೆ. ಮಾತು ಶುರುವಾಗಿದೆ.

ನಮ್ಮೂರ ಆಶಾ ಕಾರ್ಯಕರ್ತೆ ಹೇಳಿದರು, 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಬೇಕಂತೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹೀಗೆ ಸಾಯುತ್ತಾರೆ ಅನ್ನುವ ಅಂದಾಜಿದೆ. ಹೆಚ್ಚಿನವರು ನಮ್ಮ ಹಾಗೆ ಹೊಲ ಗದ್ದೆಯವರು. ಈಗ ಸಂಘದ ಸಭೆಯಲ್ಲಿ ಪ್ರತಿ ತಿಂಗಳು ಐದು ನಿಮಿಷ ನಾನು ಎದ್ದು ನಿಂತು ಮಾತಾಡುತ್ತೇನೆ. ಮುಳ್ಳು ಅಂತ ಸುಳ್ಳು ಹೇಳಿದ್ದನ್ನೂ ಹೇಳುತ್ತೇನೆ. ಹಿತ್ತಲಲ್ಲಿ ಮನೆಗೆ ಒತ್ತಿಕೊಂಡಿದ್ದ ಹುಲ್ಲಿನ ಬಣವೆ ದೂರಕ್ಕೆ ಹೋಗಿದೆ, ಇಲಿ ಬಂದಲ್ಲಿಗೆ ಹಾವು ಬರುತ್ತೆ ಅಂತ. ಬಾಗಿಲ ಪಕ್ಕ ಗಮ್‌ಬೂಟು, ಕೋಲು, ಟಾರ್ಚ್ ಇವೆ. ಮಗಳು ನನ್ನನ್ನು ಟಾರ್ಚ್ ಇಲ್ಲದೆ ಅಂಗಳ ದಾಟಲು ಬಿಡುವುದಿಲ್ಲ.

ಸಿಸ್ಟರ್, ನಿಮ್ಮನ್ನು ನೋಡಲು ಶುಕ್ರವಾರ ತಾಲ್ಲೂಕು ಆಸ್ಪತ್ರೆಗೆ ಬಂದಿದ್ದೆ. ಹೊಸ ಕಾಲುಂಗುರ ತೋರಿಸಬೇಕು ಅಂತಲೂ ಇತ್ತು, ಅತ್ತೆಯೇ ಹಾಕಿಸಿದ್ದು. ನಿಮಗೆ ವರ್ಗ ಆಗಿದೆ ಅಂದರು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಸುವಿನ ತುಪ್ಪ, ಅರ್ಧ ಕೆಜಿ, ಬಾಟಲಿ ಹಾಗೇ ವಾಪಸ್ ಮನೆಗೆ ಬಂದಿದೆ. ಯಾವ ಊರಲ್ಲಿದ್ದೀರಿ ಅಂತ ತಿಳಿಸಿ, ನಾನೇ ತಂದು ಕೊಡುತ್ತೇನೆ.