ಸೂಚನೆ: ದಿನಾಂಕ ಮತ್ತು ಸಮಯ ವಲಯದ ಲೆಕ್ಕ

ಪ್ರೋಗ್ರಾಮಿಂಗ್ ಗುಂಪಿನ ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಂಗಳಲ್ಲಿ ದಿನಾಂಕ, ಸಮಯ ಲೆಕ್ಕ ಹಾಕುವಾಗಿನ ಒಂದೇ ತಪ್ಪು ಬೇರೆ ಬೇರೆ ವೇಷದಲ್ಲಿ ಇಲ್ಲಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

"ನಾಳೆ ಇದೇ ಹೊತ್ತಿಗೆ" ಎಂಬುದಕ್ಕೆ 86,400 ಸೆಕೆಂಡು (24 ಗಂಟೆ) ಕೂಡಿಸಬೇಡಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ವರ್ಷದ ಒಂದು ದಿನಕ್ಕೆ 23 ಗಂಟೆ, ಇನ್ನೊಂದಕ್ಕೆ 25. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರ ನಸುಕಿನಲ್ಲಿ 2:30 ಎಂಬ ಹೊತ್ತೇ ಇರಲಿಲ್ಲ. ನವೆಂಬರ್ 3ರಂದು 1:30 ಎರಡು ಸಲ ಬಂತು. ಆ ಎರಡರಲ್ಲಿ ಯಾವುದು ಎಂದು ಹೆಚ್ಚಿನ ಲೈಬ್ರರಿಗಳು (ನಾವು ಬಳಸುವ ಸಿದ್ಧ ಕೋಡ್‌ಗಳು) ನಿಮ್ಮನ್ನು ಕೇಳುವುದಿಲ್ಲ, ಸದ್ದಿಲ್ಲದೆ ಒಂದನ್ನು ಆರಿಸಿಕೊಳ್ಳುತ್ತವೆ.

ಯುಟಿಸಿಯಿಂದ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ವಲಯಗಳ ಅಂತರ ಪೂರ್ಣ ಗಂಟೆಗಳಲ್ಲೇ ಇರಬೇಕೆಂದಿಲ್ಲ, ನೇಪಾಳ 5 ಗಂಟೆ 45 ನಿಮಿಷ ಮುಂದಿದೆ. ಸಮೋವಾ ದೇಶವಂತೂ 2011ರ ಡಿಸೆಂಬರ್ 30ನ್ನೇ ಹಾರಿಸಿಬಿಟ್ಟಿತು. (ಅಂದು ಹುಟ್ಟುಹಬ್ಬವಿದ್ದವರ ಪಾಡು ನೆನೆದರೆ ನನಗೆ ಈಗಲೂ ನಗು.)

ನಡೆದುಹೋದ ಘಟನೆಗಳನ್ನು ಯುಟಿಸಿಯಲ್ಲಿ ಉಳಿಸಿ, ಸರಿ. ಆದರೆ ಮುಂದಿನ ವರ್ಷದ ಸಭೆಗೆ ಅದೊಂದೇ ಸಾಲದು. ಸರ್ಕಾರಗಳು ನಡುವೆ ನಿಯಮ ಬದಲಿಸುತ್ತವೆ. ಸ್ಥಳೀಯ ಹೊತ್ತನ್ನೂ "ಅಮೆರಿಕ/ನ್ಯೂಯಾರ್ಕ್" ಮಾದರಿಯ ವಲಯದ ಹೆಸರನ್ನೂ ಜೊತೆಗಿಡಿ; ಮೈನಸ್ 5 (ಯುಟಿಸಿಗಿಂತ 5 ಗಂಟೆ ಹಿಂದೆ) ಎಂಬ ಅಂಕಿಯನ್ನು ಮಾತ್ರ ಇಟ್ಟರೆ ಬೇಸಿಗೆಯಲ್ಲಿ ಲೆಕ್ಕ ತಪ್ಪುತ್ತದೆ.

ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ? ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ದಿನಾಂಕ ನಿಭಾಯಿಸುವ "ಡೇಟ್" ಮಾರ್ಚ್‌ಗೆ ಜಾರುತ್ತದೆ, ಜಾವಾ ಭಾಷೆಯಲ್ಲಿ ಅದೇ ಕೆಲಸದ "ಲೋಕಲ್‌ಡೇಟ್" ಫೆಬ್ರವರಿಯ ಕೊನೆಯ ದಿನದಲ್ಲಿ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಯಾವುದೆಂದು ಮೊದಲು ನೀವೇ ತೀರ್ಮಾನಿಸಿ.

ಇನ್ನು ಮುಂದೆ ಇಲ್ಲಿ ಪ್ರಶ್ನೆ ಕೇಳುವಾಗ ಸರ್ವರ್ ಯಾವ ವಲಯದಲ್ಲಿದೆ, ಬಳಕೆದಾರರು ಯಾವ ವಲಯದಲ್ಲಿದ್ದಾರೆ ಎಂಬೆರಡನ್ನೂ ದಯವಿಟ್ಟು ಬರೆಯಿರಿ.